ಮದುವೆಗೂ ಕರೆಯಬೇಡಿ, ಮಣ್ಣಿಗೂ ಕರೆಯಬೇಡಿ

ಕಳೆದ ಭಾನುವಾರ ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿಯುವ ಹೊತ್ತಿಗೆ ನಾನು ಎರಡು ವಿಷಯ ಹೇಳಿದೆ. ಮೊದಲನೆಯದು ನಿಮಗೆಲ್ಲ ಗೊತ್ತೇ ಇತ್ತು. ಪಾಸ್ಟರ್ ಹೊರಡುತ್ತಾರಂತೆ ಅನ್ನೋ ಸುದ್ದಿ ಕಮಿಟಿ ಮೀಟಿಂಗ್ ಮುಗಿಯುವ ಮೊದಲೇ ಹೊರಗೆ ಬಂದಿತ್ತು, ಸಭೆಯಲ್ಲಿ ಸುದ್ದಿ ಓಡುವಷ್ಟು ವೇಗವಾಗಿ ಸುವಾರ್ತೆ ಓಡಿದ್ದರೆ ನನ್ನ ಕೆಲಸ ಎಷ್ಟೋ ಹಗುರವಾಗುತ್ತಿತ್ತು. ಎರಡನೆಯದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾನು ಹೊರಟ ಮೇಲೆ ಮದುವೆ ಮಾಡಿಸೋಕೆ, ಮಗುವಿಗೆ ದೀಕ್ಷಾಸ್ನಾನ ಕೊಡೋಕೆ, ತೀರಿಕೊಂಡವರನ್ನು ಮಣ್ಣು ಮಾಡೋಕೆ ನನ್ನನ್ನು ಕರೆಯಬೇಡಿ, ಕರೆದರೂ ಬರೋದಿಲ್ಲ ಅಂದೆ.

ಆಮೇಲೆ ಬಾಗಿಲ ಹತ್ತಿರ ನಿಂತು ಎಲ್ಲರ ಕೈ ಕುಲುಕುವಾಗ ಕೆಲವರ ಕೈ ಸ್ವಲ್ಪ ತಣ್ಣಗಿತ್ತು. ಒಬ್ಬರು ನೇರವಾಗಿಯೇ ಕೇಳಿದರು, "ಅಂದ್ರೆ ಇಷ್ಟು ವರ್ಷ ನಮ್ಮ ಜೊತೆ ಇದ್ದಿದ್ದು ಬರೀ ಕೆಲಸ ಅಂತಲೋ ಪಾಸ್ಟರ್?" ಇನ್ನೊಬ್ಬರು, ನಾನೇ ದೀಕ್ಷಾಸ್ನಾನ ಕೊಟ್ಟ ಹುಡುಗಿ, ಮುಂದಿನ ವರ್ಷ ಮದುವೆ ಗೊತ್ತಾಗಿದೆ, ಅವಳು ಏನೂ ಮಾತಾಡದೆ ಹೋದಳು. ಅವಳು ಹೋದ ರೀತಿ ನೋಡಿಯೇ ಇದನ್ನು ಬರೆಯಲೇಬೇಕು ಅನ್ನಿಸಿತು. ಹಾಗಾಗಿ ಇದು ಮುಖ್ಯವಾಗಿ ನಮ್ಮ ಸಭೆಯವರಿಗೆ. ಬೇರೆಯವರೂ ಓದಬಹುದು, ನಿಮ್ಮ ಪಾಸ್ಟರ್ ಕೂಡ ಒಂದು ದಿನ ಹೊರಡುತ್ತಾರೆ.

ಯಾಕೆ ಹೊರಡುತ್ತಿದ್ದೇನೆ ಅನ್ನೋದನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ಹೇಳೋಕೆ ಜಾಸ್ತಿ ಏನೂ ಇಲ್ಲ. ಯಾರ ಜೊತೆಗೂ ಜಗಳವಿಲ್ಲ. ದೊಡ್ಡ ಸಭೆ ಯಾವುದೂ ಕರೆದಿಲ್ಲ. ಕಾಯಿಲೆಯನ್ನೂ ಮುಚ್ಚಿಟ್ಟಿಲ್ಲ. ವಯಸ್ಸಾಯಿತು. ಪ್ರಸಂಗ ತಯಾರು ಮಾಡೋಕೆ ಕೂತರೆ ಹಳೆಯ ಪ್ರಸಂಗಗಳೇ ಬಂದು ಪಕ್ಕದಲ್ಲಿ ಕೂರುತ್ತವೆ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ತನ್ನ ಸಂಶಯಗಳನ್ನು ಹೇಳುವಾಗ ನಾನು ಅವನ ಅಪ್ಪನ ಕಾಲದ ಉತ್ತರ ಕೊಡುತ್ತಿದ್ದೇನೆ ಅನ್ನೋದು ನನಗೇ ಗೊತ್ತಾಗುತ್ತದೆ. ಜನ "ಇನ್ನೂ ಇರಿ" ಅನ್ನುವಾಗಲೇ ಎದ್ದರೆ ಒಳ್ಳೆಯದು ಅಲ್ವಾ. ಅಷ್ಟೇ.

ಈಗ ಮದುವೆ ಮತ್ತು ಮಣ್ಣಿನ ವಿಷಯ.

ಹೊಸಬರೊಬ್ಬರು ಪಾಸ್ಟರ್ ಆಗಿ ನೇಮಕವಾದ ದಿನ ಅವರ ಕೈಗೆ ಒಂದು ಪತ್ರ ಬರುತ್ತದೆ, ಆರಾಧನೆಯಲ್ಲಿ ಒಂದು ವಿಧಿ ನಡೆಯುತ್ತದೆ, ಎಲ್ಲರೂ ಆಮೆನ್ ಅನ್ನುತ್ತಾರೆ. ಆದರೆ ಅವತ್ತು ಅವರು ನಿಮ್ಮ ಪಾಸ್ಟರ್ ಆಗೋದಿಲ್ಲ. ಆಗೋದು ಯಾವಾಗ ಅಂದರೆ, ರಾತ್ರಿ ಎರಡು ಗಂಟೆಗೆ ಐಸಿಯು ಹೊರಗಿನ ಬೆಂಚಿನ ಮೇಲೆ ನಿಮ್ಮ ಪಕ್ಕದಲ್ಲಿ ಏನೂ ಹೇಳೋಕೆ ತೋಚದೆ ಸುಮ್ನೆ ಕೂತಾಗ. ಮಗ ಮನೆ ಬಿಟ್ಟು ಹೋದ ವಾರ ಅವರು ಬಂದು ಪ್ರಾರ್ಥನೆ ಮಾಡಿ ಹೋದಾಗ. ನಿಮ್ಮ ತಾಯಿಯ ಪೆಟ್ಟಿಗೆ ಕೆಳಗಿಳಿಯುವಾಗ ಅವರ ಧ್ವನಿ ಕೇಳಿದಾಗ. ಪ್ರಸಂಗ ಚೆನ್ನಾಗಿ ಮಾಡಿದ್ದಕ್ಕೆ ಯಾರೂ ಯಾರಿಗೂ ಪಾಸ್ಟರ್ ಆದದ್ದನ್ನು ನಾನು ನೋಡಿಲ್ಲ. ಒಳ್ಳೆಯ ಪ್ರಸಂಗ ಇವತ್ತು ಫೋನಿನಲ್ಲಿ ಬೇಕಾದಷ್ಟು ಸಿಗುತ್ತದೆ.

ಹಾಗಿರುವಾಗ ಆ ಗಳಿಗೆಗಳಿಗೆಲ್ಲ ನಾನೇ ಓಡಿ ಬಂದರೆ ಏನಾಗುತ್ತದೆ? ಮದುವೆಗೆ ನಾನು, ಮಣ್ಣಿಗೆ ನಾನು, ಅವರಿಗೆ ಉಳಿಯೋದು ಭಾನುವಾರದ ಆರಾಧನೆ ಮತ್ತು ಛಾವಣಿ ಸೋರುವ ಬಗ್ಗೆ ಕಮಿಟಿ ಮೀಟಿಂಗ್. ಐದು ವರ್ಷ ಕಳೆದರೂ ಅವರು "ಹೊಸ ಪಾಸ್ಟರ್" ಆಗಿಯೇ ಇರುತ್ತಾರೆ. ಆಮೇಲೆ ಒಂದು ದಿನ ಬೇಸತ್ತು ಬೇರೆ ಕಡೆ ಹೋಗುತ್ತಾರೆ, ಆಗ ನಾವೇ "ಅವರು ನಮ್ಮ ಜೊತೆ ಬೆರೆಯಲೇ ಇಲ್ಲ" ಅನ್ನುತ್ತೇವೆ. ಇದು ನಡೆದ ಸಭೆಗಳು ನನಗೆ ಗೊತ್ತು, ಹೆಸರು ಹೇಳೋದಿಲ್ಲ. ಒಂದು ಕಡೆ ಹಳೆಯ ಪಾಸ್ಟರ್ ಎರಡು ಬೀದಿ ಆಚೆ ಮನೆ ಮಾಡಿದ್ದರು. ಅವರು ಯಾವ ಕೆಟ್ಟ ಮಾತನ್ನೂ ಆಡಲಿಲ್ಲ. ಸುಮ್ಮನೆ ಬಾಗಿಲು ತೆರೆದಿಟ್ಟಿದ್ದರು. ಅದೇ ಸಾಕಾಯಿತು.

ನಾನು ಇಲ್ಲಿಗೆ ಬಂದಾಗಿನ ಕಥೆ ಹಳಬರಿಗೆ ನೆನಪಿರಬಹುದು. ನನಗಿಂತ ಮೊದಲು ಇದ್ದವರನ್ನು ಜನ ಎಷ್ಟು ಪ್ರೀತಿಸುತ್ತಿದ್ದರು ಅಂದರೆ, ನಾನು ವೇದಿಕೆ ಹತ್ತಿದರೆ ಮುಂದಿನ ಸಾಲಿನವರ ಮುಖದಲ್ಲಿ ಒಂದು ಸಭ್ಯತೆ ಕಾಣುತ್ತಿತ್ತು. ಬಾಡಿಗೆಗೆ ಬಂದವನನ್ನು ನೋಡುವ ಸಭ್ಯತೆ. ನಾನು ಬಂದ ಕೆಲವೇ ವಾರಗಳಲ್ಲಿ ಸಭೆಯ ತುಂಬ ಹಿರಿಯರೊಬ್ಬರು ತೀರಿಕೊಂಡರು. ಮನೆಯವರು ಮೊದಲು ಫೋನ್ ಮಾಡಿದ್ದು ನನಗಲ್ಲ, ಅವರಿಗೆ. ಸಹಜವೇ. ಅವರೇ ಆ ಮನೆಯ ಮೂರು ತಲೆಮಾರು ನೋಡಿದವರು. ಅವರು ಫೋನಿನಲ್ಲಿ ಅತ್ತರಂತೆ, ಪ್ರಾರ್ಥನೆ ಮಾಡಿದರಂತೆ, ಆಮೇಲೆ "ನಿಮ್ಮ ಪಾಸ್ಟರ್‌ಗೆ ಹೇಳಿದಿರಾ?" ಅಂತ ಕೇಳಿದರಂತೆ. ಇಲ್ಲ, ನೀವೇ ಬರಬೇಕು ಅಂದಿದ್ದಕ್ಕೆ, "ನಾನು ಬರುತ್ತೇನೆ, ಹಿಂದಿನ ಸಾಲಲ್ಲಿ ಕೂರುತ್ತೇನೆ, ಆದರೆ ಆರಾಧನೆ ಅವರದು" ಅಂದರಂತೆ. ಮನೆಯವರು ಸಿಟ್ಟಿನಲ್ಲೇ ನನ್ನ ಹತ್ತಿರ ಬಂದರು. ಹಿರಿಯ ಮಗ ನನ್ನ ಮುಖ ನೋಡದೆ ಸಮಯ, ಸ್ಥಳ ಹೇಳಿ ಹೋದ.

ಅವತ್ತು ಸಮಾಧಿಯ ಹತ್ತಿರ ನಿಂತು ನಾನು ಓದಿದ ವಾಕ್ಯಗಳು ಯಾವುವು ಅಂತ ನನಗೆ ನೆನಪಿಲ್ಲ. ಅವರು ಹೇಳಿದ ಹಾಗೆಯೇ ಬಂದು ಕೊನೆಯಲ್ಲಿ ನಿಂತಿದ್ದರು, ಜನ ಅವರ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು, ಅವರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಆ ಮಗ ಬಂದು ನನ್ನ ಕೈ ಹಿಡಿದುಕೊಂಡ. ಮುಂದಿನ ವಾರ ಅವರ ಮನೆಗೆ ಹೋದೆ, ಅದರ ಮುಂದಿನ ವಾರವೂ ಹೋದೆ. ಆ ಮನೆಗೆ ನಾನು ಪಾಸ್ಟರ್ ಆದದ್ದು ಹಾಗೆ. ಆ ಮನುಷ್ಯ ಫೋನಿನಲ್ಲಿ ಒಂದು "ಇಲ್ಲ" ಅಂದಿರದಿದ್ದರೆ ನಾನು ಇಲ್ಲಿ ಇಷ್ಟು ಕಾಲ ಇರುತ್ತಿರಲಿಲ್ಲ ಅಂತ ನನಗೆ ಖಾತ್ರಿ ಇದೆ. ಅವರಿಗೆ ಆ "ಇಲ್ಲ" ಎಷ್ಟು ಕಷ್ಟವಾಗಿತ್ತು ಅಂತ ನನಗೆ ತಿಳಿಯುತ್ತಿರೋದು ಈಗ.

ಇದು ನಮ್ಮ ಸಭೆಗೆ ಮಾತ್ರ ಬಂದ ತೊಂದರೆಯೇನಲ್ಲ. ಅಮೆರಿಕದ ನಾರ್ತಾಂಪ್ಟನ್ ಸಭೆಯ ಕಥೆ ನನಗೆ ಆಗಾಗ ನೆನಪಾಗುತ್ತದೆ. ಅಲ್ಲಿ ಸಾಲೊಮನ್ ಸ್ಟಾಡರ್ಡ್ ಅನ್ನುವವರು ಅರ್ಧ ಶತಮಾನಕ್ಕೂ ಜಾಸ್ತಿ ಪಾಸ್ಟರ್ ಆಗಿದ್ದು 1729ರಲ್ಲಿ ತೀರಿಕೊಂಡರು. ಅವರ ನಂತರ ಬಂದವರು ಅವರದೇ ಮಗಳ ಮಗ, ಜೊನಾಥನ್ ಎಡ್ವರ್ಡ್ಸ್. ದೊಡ್ಡ ವಿದ್ವಾಂಸ, ಇವತ್ತಿಗೂ ದೇವಶಾಸ್ತ್ರ ಓದುವವರು ಅವರ ಹೆಸರು ಬಿಟ್ಟು ಮುಂದೆ ಹೋಗೋಕಾಗಲ್ಲ. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಗೆ, ಯಾರನ್ನು ಸೇರಿಸಬಹುದು ಅನ್ನುವ ವಿಷಯದಲ್ಲಿ ತಾತ ಬಾಗಿಲು ಅಗಲ ಮಾಡಿದ್ದರು, ಮೊಮ್ಮಗ ಅದನ್ನು ಸ್ವಲ್ಪ ಕಿರಿದು ಮಾಡೋಕೆ ಹೋದರು. ತಾತ ತೀರಿಕೊಂಡು ಆಗಲೇ ಇಪ್ಪತ್ತು ವರ್ಷ. ಆದರೂ ಜನ ತಾತನ ಕಡೆಗೇ ನಿಂತರು. 1750ರಲ್ಲಿ ಭಾರಿ ಬಹುಮತದಿಂದ ಮೊಮ್ಮಗನನ್ನು ತೆಗೆದುಹಾಕಿದರು. ಅದರಲ್ಲಿ ಎಡ್ವರ್ಡ್ಸ್‌ರ ಸ್ವಭಾವದ ಪಾಲೂ ಇತ್ತು, ಬೇರೆ ಮನಸ್ತಾಪಗಳೂ ಇದ್ದವು, ಪೂರ್ತಿ ತಾತನ ಮೇಲೆ ಹಾಕೋದು ತಪ್ಪು. ಆದರೆ ನೋಡಿ, ಸಮಾಧಿಯಲ್ಲಿರುವ ಪಾಸ್ಟರ್ ಕೂಡ ಇಷ್ಟು ಭಾರ ಹಾಕಬಲ್ಲರು. ಜೀವಂತ ಇದ್ದು, ಫೋನಿಗೆ ಸಿಗುವವನು ಎಷ್ಟು ಹಾಕಬಹುದು?

ಆ ಕಥೆಯ ಬಾಲ ಇನ್ನೂ ವಿಚಿತ್ರವಾಗಿದೆ. ತೆಗೆದುಹಾಕಿದ ಮೇಲೆ ಅವರಿಗೆ ಬೇರೆ ಪಾಸ್ಟರ್ ಸಿಗಲಿಲ್ಲ. ಹಾಗಾಗಿ ಎಡ್ವರ್ಡ್ಸ್‌ರನ್ನೇ ತಿಂಗಳುಗಟ್ಟಲೆ ವಾರವಾರ ಕರೆದು ಪ್ರಸಂಗ ಮಾಡಿಸಿದರು. ಅವರೂ ಹೋಗಿ ಮಾಡಿದರು. ಆ ಭಾನುವಾರಗಳಲ್ಲಿ ಯಾರು ಯಾರ ಮುಖ ಹೇಗೆ ನೋಡಿದರೋ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 1782ರಲ್ಲಿ ಚಾರ್ಲ್ಸ್ ಸಿಮಿಯನ್ ಅನ್ನುವ ಚಿಕ್ಕ ವಯಸ್ಸಿನವರನ್ನು ಹೋಲಿ ಟ್ರಿನಿಟಿ ಚರ್ಚಿಗೆ ಬಿಷಪ್ ನೇಮಿಸಿದರು. ಜನರಿಗೆ ಬೇಕಾಗಿದ್ದವರು ಅಲ್ಲೇ ಸಹಾಯಕರಾಗಿದ್ದ ಬೇರೊಬ್ಬರು. ಏನು ಮಾಡಿದರು ಗೊತ್ತಾ? ಆಗ ಕುಟುಂಬಕ್ಕೊಂದರಂತೆ ಬಾಗಿಲಿರುವ ಬೆಂಚುಗಳಿದ್ದವು, ಅವಕ್ಕೆ ಬೀಗ ಹಾಕಿಕೊಂಡು ಮನೆಯಲ್ಲಿ ಉಳಿದರು. ಕೇಳೋಕೆ ಬಂದವರು ನಡುದಾರಿಯಲ್ಲಿ ನಿಂತು ಕೇಳಬೇಕಾಯಿತು. ಸಿಮಿಯನ್ ತಮ್ಮ ದುಡ್ಡಿನಲ್ಲಿ ಆಸನ ಹಾಕಿಸಿದರೆ ಅದನ್ನೂ ಹೊರಗೆ ಎಸೆದರು. ಭಾನುವಾರ ಮಧ್ಯಾಹ್ನದ ಪ್ರಸಂಗಕ್ಕೆ ಯಾರು ಅನ್ನೋದನ್ನು ಆರಿಸುವ ಹಕ್ಕು ಜನರಿಗಿತ್ತು, ಅದನ್ನು ಆ ಸಹಾಯಕರಿಗೇ ಕೊಟ್ಟರು. ಅಂದರೆ ಬೆಳಿಗ್ಗೆ ಒಬ್ಬ ಪಾಸ್ಟರ್, ಮಧ್ಯಾಹ್ನ ಇನ್ನೊಬ್ಬರು. ವರ್ಷಗಟ್ಟಲೆ. ಸಿಮಿಯನ್ ಹೋಗಲಿಲ್ಲ, 1836ರಲ್ಲಿ ಸಾಯುವವರೆಗೂ, 54 ವರ್ಷ, ಅಲ್ಲೇ ಇದ್ದರು. ಅವರ ತಾಳ್ಮೆಯನ್ನು ಹೊಗಳಿ ನಾನೂ ಪ್ರಸಂಗ ಮಾಡಿದ್ದೇನೆ. ಆದರೆ ನಮ್ಮ ಹೊಸ ಪಾಸ್ಟರ್ ಸಿಮಿಯನ್ ಆಗಲಿ ಅಂತ ನಾನು ಬಯಸೋದಿಲ್ಲ. ಆ ಬೀಗಗಳೇ ಬೇಡ. ನಿಮಗೆ ಕರೆಯೋಕೆ ನಾನು ಸಿಕ್ಕರೆ, ಅದು ಒಂದು ಬೀಗವೇ.

ಇತಿಹಾಸದಲ್ಲಿ ನನಗೆ ತುಂಬ ತಮಾಷೆ ಅನ್ನಿಸುವುದು ಮತ್ತು ಸಂಕಟವಾಗುವುದು ಎರಡೂ ಒಂದೇ ಕಾನೂನು. 1662ರಲ್ಲಿ ಇಂಗ್ಲೆಂಡಿನ ರಾಜ್ಯ ಹೊಸ ಪ್ರಾರ್ಥನಾ ಪುಸ್ತಕವನ್ನು ಪೂರ್ತಿ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಸಭೆ ಬಿಟ್ಟು ಹೋಗಿ ಅಂತ ಪಾಸ್ಟರ್‌ಗಳಿಗೆ ಹೇಳಿತು. ಆಗಸ್ಟ್ 24 ಕೊನೆಯ ದಿನ. ಆ ಹೊತ್ತಿನಲ್ಲಿ ಹತ್ತಿರ ಹತ್ತಿರ 2,000 ಮಂದಿ ಕೆಲಸ, ಮನೆ, ಸಂಬಳ ಕಳೆದುಕೊಂಡರು. ಗಡುವಿನ ಹಿಂದಿನ ಭಾನುವಾರ, ಆಗಸ್ಟ್ 17ರಂದು, ಎಷ್ಟೋ ಕಡೆ ವಿದಾಯದ ಪ್ರಸಂಗಗಳು ನಡೆದವು, ಅವು ಅಚ್ಚಾಗಿ ಮಾರಾಟವೂ ಆದವು. ಅಷ್ಟಕ್ಕೇ ಬಿಡಲಿಲ್ಲ. 1665ರಲ್ಲಿ ಇನ್ನೊಂದು ಕಾನೂನು ತಂದರು. ಹಾಗೆ ಹೊರಬಿದ್ದವರು ತಮ್ಮ ಹಳೆಯ ಸಭೆಯ ಐದು ಮೈಲಿ ಒಳಗೆ ಕಾಲಿಡಬಾರದು. ಇಡಬೇಕಿದ್ದರೆ ಸರ್ಕಾರ ಹೇಳಿದ ಪ್ರಮಾಣ ಮಾಡಬೇಕು. ಅದು ಕ್ರೂರ ಕಾನೂನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಾನೂನು ಮಾಡಿದವರಿಗೆ ಪಾಸ್ಟರ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು. ವೇದಿಕೆಯಿಂದ ಇಳಿಸಿದರೆ ಸಾಲದು, ಅವನು ಹತ್ತಿರ ಇದ್ದರೆ ಜನ ಅವನ ಹಿಂದೆಯೇ ಹೋಗುತ್ತಾರೆ ಅಂತ ಲೆಕ್ಕ ಹಾಕಿದ್ದರು. ದ್ವೇಷಕ್ಕೆ ಮಾಡಿದ ಲೆಕ್ಕವನ್ನೇ ನಾನು ಪ್ರೀತಿಗೆ ಬಳಸಿಕೊಳ್ಳುತ್ತಿದ್ದೇನೆ ಅಂದುಕೊಳ್ಳಿ. ನನ್ನ ಐದು ಮೈಲಿ ನಾನೇ ಅಳೆದುಕೊಂಡಿದ್ದೇನೆ.

ಕೆಲವು ಕಡೆ ಇದು ಬರೆದಿಟ್ಟ ನಿಯಮ. ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಹಳೆಯ ಪಾಸ್ಟರ್ ತನ್ನ ಹಳೆಯ ಸಭೆಯವರಿಗೆ ಯಾವ ಸೇವೆ ಮಾಡಬೇಕಿದ್ದರೂ ಈಗಿನ ಸಭಾ ಮಂಡಳಿಯ ಅಧ್ಯಕ್ಷರು, ಅಂದರೆ ಸಾಮಾನ್ಯವಾಗಿ ಈಗಿನ ಪಾಸ್ಟರ್, ಕರೆದರೆ ಮಾತ್ರ. ಮೆಥೊಡಿಸ್ಟರು ಇನ್ನೂ ಮೊದಲೇ ಎಚ್ಚರವಾಗಿದ್ದರು. ಆ ಪಂಗಡ ಶುರುಮಾಡಿದ ಜಾನ್ ವೆಸ್ಲಿ 1784ರಲ್ಲಿ ಮಾಡಿದ ಏರ್ಪಾಟಿನಲ್ಲಿ ಒಬ್ಬ ಬೋಧಕನನ್ನು ಒಂದೇ ಪ್ರಾರ್ಥನಾಲಯಕ್ಕೆ ಸತತವಾಗಿ ಮೂರು ವರ್ಷಕ್ಕಿಂತ ಹೆಚ್ಚು ಕಳಿಸುವಂತಿರಲಿಲ್ಲ. ಒಂದೇ ಜಾಗದಲ್ಲಿ ಒಂದು ಇಡೀ ವರ್ಷ ಪ್ರಸಂಗ ಮಾಡಿದರೆ ತಾನೂ ನಿದ್ದೆ ಹೋಗುತ್ತೇನೆ, ಜನರನ್ನೂ ನಿದ್ದೆ ಮಾಡಿಸುತ್ತೇನೆ ಅನ್ನುವ ಅರ್ಥದಲ್ಲಿ ವೆಸ್ಲಿ ಒಂದು ಪತ್ರದಲ್ಲಿ ಬರೆದಿದ್ದರು. ನಾನು ಇಲ್ಲಿ ಇದ್ದ ಕಾಲ ನೆನೆಸಿಕೊಂಡರೆ ನೀವೆಲ್ಲ ಇನ್ನೂ ಎಚ್ಚರವಾಗಿರುವುದೇ ಹೆಚ್ಚು.

ಕ್ಯಾಥೊಲಿಕರಲ್ಲಿ ಪ್ಯಾರಿಷ್ ಗುರುಗಳು 75 ತುಂಬಿದಾಗ ಬಿಷಪ್‌ಗೆ ರಾಜೀನಾಮೆ ಕೊಡಬೇಕು ಅಂತ ಚರ್ಚಿನ ಕಾನೂನು ಕೇಳಿಕೊಳ್ಳುತ್ತದೆ. ಪೋಪ್‌ಗೆ ಮಾತ್ರ ಅಂಥ ಗಡಿ ಇಲ್ಲ. ಹಾಗಿದ್ದೂ ಹದಿನಾರನೇ ಬೆನೆಡಿಕ್ಟ್ 2013ರ ಫೆಬ್ರವರಿ 28ಕ್ಕೆ ತಾವಾಗಿಯೇ ಇಳಿದರು. 1415ರ ನಂತರ ಪೋಪ್ ಒಬ್ಬರು ಹಾಗೆ ಇಳಿದದ್ದು ಅದೇ ಮೊದಲು. ಇಳಿಯುವ ದಿನವೇ, ಮುಂದೆ ಯಾರು ಬರುತ್ತಾರೆ ಅಂತ ಇನ್ನೂ ಗೊತ್ತಿಲ್ಲದಿರುವಾಗಲೇ, ಬರುವವರಿಗೆ ವಿಧೇಯನಾಗಿರುತ್ತೇನೆ ಅಂತ ಕಾರ್ಡಿನಲ್‌ಗಳ ಮುಂದೆ ಮಾತು ಕೊಟ್ಟರು. ಆ ಮಾತು ನನಗೆ ತುಂಬ ಇಷ್ಟ. ಆದರೆ ಅವರು ವ್ಯಾಟಿಕನ್ ಒಳಗೇ ಉಳಿದರು, ಬಿಳಿ ನಿಲುವಂಗಿ ಬಿಡಲಿಲ್ಲ. 2022ರ ಕೊನೆಯ ದಿನ ತೀರಿಕೊಳ್ಳುವವರೆಗೆ, ಹೊಸ ಪೋಪ್ ಇಷ್ಟವಾಗದ ಕೆಲವರು ಹಳೆಯವರ ಹೆಸರು ಹಿಡಿದೇ ಮಾತಾಡುತ್ತಿದ್ದರು. ಅವರಿಗೆ ಅದು ಬೇಕಾಗಿರಲಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ನಮಗೆ ಬೇಕೋ ಬೇಡವೋ, ನಾವು ಹತ್ತಿರ ಇದ್ದರೆ ನಮ್ಮ ಹೆಸರು ಬಳಕೆಗೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಬಾಗಿಲ ಹತ್ತಿರ ಕೇಳಿದ ಆ ಪ್ರಶ್ನೆ ಉಳಿಯುತ್ತದೆ. ಇದು ಬರೀ ಕೆಲಸವಾಗಿತ್ತಾ?

ಬೈಬಲಿನ ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ನಿಮಗೆ ಗೊತ್ತು. ಅಪೊಸ್ತಲ ಪೌಲ ಎಫೆಸ ಪಟ್ಟಣದಲ್ಲಿ ಮೂರು ವರ್ಷ ಇದ್ದವನು. ಪೆಂಟೆಕೊಸ್ತ ಹಬ್ಬಕ್ಕೆ ಯೆರೂಸಲೇಮ್ ಮುಟ್ಟುವ ಅವಸರದಲ್ಲಿ ಎಫೆಸಕ್ಕೆ ಹೋಗದೆ ಮಿಲೇತದಲ್ಲಿ ಇಳಿದು, ಸಭೆಯ ಹಿರಿಯರನ್ನು ಅಲ್ಲಿಗೇ ಕರೆಸುತ್ತಾನೆ. ಅವಸರ ಅನ್ನೋದು ನಿಜವೇ, ಬರೆದಿದೆ. ಆದರೆ ಎಫೆಸಕ್ಕೆ ಕಾಲಿಟ್ಟಿದ್ದರೆ ಅವನು ಹೊರಡೋಕೆ ಆಗುತ್ತಿತ್ತಾ ಅಂತ ನನಗೆ ಈಗೀಗ ಅನುಮಾನ. ಅವನು ಅವರಿಗೆ ಹೇಳಿದ್ದರಲ್ಲಿ ಅರ್ಧ ಲೆಕ್ಕಾಚಾರದ ಮಾತು. ಯಾರ ಬೆಳ್ಳಿಗೂ ಬಂಗಾರಕ್ಕೂ ಬಟ್ಟೆಗೂ ನಾನು ಆಸೆಪಡಲಿಲ್ಲ, ಈ ಕೈಗಳೇ ದುಡಿದವು, ಹೇಳಬೇಕಾದ್ದು ಯಾವುದನ್ನೂ ಮುಚ್ಚಿಡಲಿಲ್ಲ, ಮುಂದೆ ತೋಳಗಳು ಬರುತ್ತವೆ, ಮಂದೆಯನ್ನು ನೋಡಿಕೊಳ್ಳಬೇಕಾದವರು ಈಗ ನೀವು. ಆಮೇಲೆ ಎಲ್ಲರೂ ಮೊಣಕಾಲೂರಿ ಪ್ರಾರ್ಥನೆ ಮಾಡಿ, ಅವನ ಕೊರಳು ತಬ್ಬಿ ಅತ್ತರು. ಇನ್ನು ಮುಂದೆ ನನ್ನ ಮುಖ ನೋಡುವುದಿಲ್ಲ ಅಂತ ಅವನು ಅಂದದ್ದೇ ಅವರಿಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿತ್ತು ಅಂತ ಲೂಕ ಬರೆಯುತ್ತಾನೆ. ತೋಳಗಳ ಮಾತು ಅವರಿಗೆ ಅಷ್ಟು ತಟ್ಟಲಿಲ್ಲ, ಮುಖ ನೋಡುವುದಿಲ್ಲ ಅನ್ನೋದು ತಟ್ಟಿತು. ಜನ ಅಂದರೆ ಹಾಗೇ. ಪೌಲ ಅದಕ್ಕೆ ಮನಸ್ಸು ಬದಲಾಯಿಸಲಿಲ್ಲ, ಹಡಗು ಹತ್ತಿದ. ಅದು ಬರೀ ಕೆಲಸವಾಗಿದ್ದರೆ ಕಡಲ ದಂಡೆಯಲ್ಲಿ ಯಾರು ಅಳುತ್ತಿದ್ದರು?

ಹಳೆಯ ಒಡಂಬಡಿಕೆಯಲ್ಲಿ, 1 ಸಮುವೇಲ 12ನೇ ಅಧ್ಯಾಯದಲ್ಲಿ, ಪ್ರವಾದಿ ಸಮುವೇಲನೂ ಹಾಗೇ ಲೆಕ್ಕ ಒಪ್ಪಿಸುತ್ತಾನೆ. ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ತೆಗೆದುಕೊಂಡೆ, ಹೇಳಿ ಅಂತ ಎಲ್ಲರ ಮುಂದೆ ನಿಂತು ಕೇಳುತ್ತಾನೆ. ಅಧಿಕಾರ ಬಿಟ್ಟು ಹೋಗುವ ಎಲ್ಲರಿಗೂ ಆ ಪ್ರಶ್ನೆ ಕೇಳುವ ಧೈರ್ಯ ಇರೋದಿಲ್ಲ. ಅದಕ್ಕಿಂತ ನನಗೆ ಬೇಕಾದ್ದು ಅದೇ ಅಧ್ಯಾಯದ ಕೊನೆಯ ಕಡೆ ಇದೆ. ನಿಮಗೋಸ್ಕರ ಪ್ರಾರ್ಥನೆ ಮಾಡುವುದನ್ನು ನಿಲ್ಲಿಸಿದರೆ ಅದು ದೇವರಿಗೆ ವಿರುದ್ಧವಾಗಿ ನಾನು ಮಾಡುವ ಪಾಪ ಅನ್ನುತ್ತಾನೆ. ಅಂದರೆ ಅವನು ಬಿಟ್ಟುಕೊಡೋದು ಒಂದನ್ನು, ಇಟ್ಟುಕೊಳ್ಳೋದು ಇನ್ನೊಂದನ್ನು. ನಾನೂ ಅಷ್ಟೇ. ನಿಮ್ಮ ಮನೆಗಳ ಪಟ್ಟಿ ನನ್ನ ಬೈಬಲಿನಲ್ಲಿ ಇರುತ್ತದೆ. ಬೆಳಿಗ್ಗೆ ಅದನ್ನು ತೆರೆಯುತ್ತೇನೆ. ಅದಕ್ಕೆ ಹೊಸ ಪಾಸ್ಟರ್ ಅನುಮತಿ ಬೇಕಿಲ್ಲ.

ಹಸ್ತಾಂತರದ ಬಗ್ಗೆಯೂ ಸ್ವಲ್ಪ ಹೇಳಬೇಕು, ಕೆಲವರು ಅದಕ್ಕೇ ಚಿಂತೆ ಮಾಡುತ್ತಿದ್ದೀರಿ. ದೀಕ್ಷಾಸ್ನಾನದ ರಿಜಿಸ್ಟರ್, ಮದುವೆ ರಿಜಿಸ್ಟರ್, ಸಮಾಧಿ ರಿಜಿಸ್ಟರ್, ಲೆಕ್ಕದ ಪುಸ್ತಕ, ಬೀಗದ ಕೈ, ಇವೆಲ್ಲ ಸುಲಭ. ಹಾಸಿಗೆ ಹಿಡಿದವರ ಪಟ್ಟಿ, ಮನೆಗೇ ಹೋಗಿ ಕರ್ತನ ಭೋಜನ ಕೊಡಬೇಕಾದವರ ಪಟ್ಟಿ, ಕಿವಿ ಕೇಳಿಸದವರು ಯಾವ ಕಡೆ ಕೂತರೆ ಒಳ್ಳೆಯದು, ಯಾರ ಮನೆಯಲ್ಲಿ ಈ ವರ್ಷ ಸಾವಾಗಿದೆ, ಇದೆಲ್ಲ ಬರೆದಿಟ್ಟಿದ್ದೇನೆ. ಇನ್ನೊಂದು ಪಟ್ಟಿಯನ್ನು ಕೊಡು ಅಂತ ಕಮಿಟಿಯ ಒಬ್ಬರು ಅರ್ಧ ತಮಾಷೆಗೆ ಕೇಳಿದರು. ಯಾರು ತಲೆನೋವು, ಯಾರಿಗೆ ಯಾರನ್ನು ಕಂಡರೆ ಆಗದು, ಯಾರನ್ನು ಖಜಾಂಚಿ ಮಾಡಬಾರದು. ಕೊಡೋದಿಲ್ಲ. ನನಗೆ ತಲೆನೋವಾದವರು ಅವರಿಗೆ ಬಲಗೈ ಆಗಬಹುದು. ಆ ಅವಕಾಶವನ್ನು ನಾನ್ಯಾಕೆ ಕಿತ್ತುಕೊಳ್ಳಲಿ?

ನೀವು ನನ್ನ ಹತ್ತಿರ ಹೇಳಿಕೊಂಡದ್ದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅದು ನನ್ನ ಜೊತೆ ಬರುತ್ತದೆ. ಗಂಡನಿಗೆ ಗೊತ್ತಿಲ್ಲದ್ದು, ಹೆಂಡತಿಗೆ ಗೊತ್ತಿಲ್ಲದ್ದು, ಮಕ್ಕಳಿಗೆ ಎಂದೂ ಗೊತ್ತಾಗಬಾರದ್ದು. ನನ್ನ ಹೆಂಡತಿಗೂ ಹೇಳಿಲ್ಲ, ಅವಳೂ ಕೇಳಿಲ್ಲ. ಕೆಲವರಿಗೆ ನಾನು ಹೋಗೋದು ಒಳಗೊಳಗೇ ನಿರಾಳ ಅಂತಲೂ ನನಗೆ ಗೊತ್ತು. ಎಲ್ಲ ತಿಳಿದವನ ಮುಖವನ್ನು ಪ್ರತಿ ಭಾನುವಾರ ನೋಡೋದು ಸುಲಭವಲ್ಲ. ಅದರಲ್ಲಿ ತಪ್ಪೇನಿಲ್ಲ. ಹೊಸಬರ ಹತ್ತಿರ ಹೊಸದಾಗಿ ಶುರು ಮಾಡಿ. ಅವರಿಗೆ ನಿಮ್ಮ ಬಗ್ಗೆ ಏನೂ ಗೊತ್ತಿರೋದಿಲ್ಲ. ಅದೊಂದು ದೊಡ್ಡ ಉಪಕಾರ.

ಈ ಎಲ್ಲದರಲ್ಲಿ ಯಾರೂ ಯೋಚಿಸದೆ ಇರೋದು ನನ್ನ ಹೆಂಡತಿಯ ಬಗ್ಗೆ. ನಾನು ಕೆಲಸ ಬಿಡುತ್ತಿದ್ದೇನೆ. ಅವಳಿಗೆ ಇಲ್ಲಿ ಕೆಲಸವೇ ಇರಲಿಲ್ಲ, ಸಂಬಳವೂ ಇರಲಿಲ್ಲ, ಆದರೂ ಸಂಡೇ ಸ್ಕೂಲ್, ಮಹಿಳಾ ಕೂಟ, ರಾತ್ರಿ ಬಾಗಿಲು ಬಡಿದವರಿಗೆ ಮೊದಲು ತೆರೆದವಳು ಅವಳೇ. ಅವಳ ಸ್ನೇಹಿತೆಯರೆಲ್ಲ ಈ ಸಭೆಯವರೇ. ನನ್ನ ಐದು ಮೈಲಿ ಲೆಕ್ಕದಲ್ಲಿ ಅವಳು ಯಾಕೆ ಶಿಕ್ಷೆ ಅನುಭವಿಸಬೇಕು? ಈ ಬಗ್ಗೆ ನಾವಿಬ್ಬರೂ ಜಗಳವಾಡಿದ್ದೇವೆ, ನಿಜ ಹೇಳಬೇಕೆಂದರೆ. ಕೊನೆಗೆ ಅವಳು ಹೇಳಿದ್ದು, "ನಿಮ್ಮ ನಿಯಮ ನಿಮಗೆ. ನನ್ನ ಗೆಳತಿಯರು ನನಗೆ. ಸಭೆಯ ವಿಷಯ ನಾವು ಮಾತಾಡೋದಿಲ್ಲ, ಮಾತಾಡೋಕೆ ನಮಗೆ ಬೇರೆ ಬೇಕಾದಷ್ಟಿದೆ." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಅಕ್ಕಂದಿರೇ, ಅವಳಿಗೆ ಫೋನ್ ಮಾಡಿ. ಫೋನ್ ನನಗೆ ಕೊಡು ಅನ್ನಬೇಡಿ.

ಮಕ್ಕಳ ಕಥೆ ಬೇರೆ. ಅವರು ಬೆಳೆದದ್ದೆಲ್ಲ ಸಭೆ ಕೊಟ್ಟ ಮನೆಯಲ್ಲಿ. ಈಗ ಅದು ಬರುವವರ ಮನೆ. ಮಗ ಬಂದು ತನ್ನ ಪುಸ್ತಕಗಳನ್ನು ಕಟ್ಟಿಕೊಂಡು ಹೋದ. ನಮ್ಮದಲ್ಲದ ಮನೆಯಲ್ಲಿ ಇದ್ದೆವು ಅಂತ ಅವನಿಗೆ ಅವತ್ತೇ ಅನ್ನಿಸಿತಂತೆ.

ಕೊನೆಯ ಪ್ರಸಂಗದಲ್ಲಿ ಏನು ಹೇಳುತ್ತೀರಿ ಅಂತ ಕೆಲವರು ಕೇಳಿದ್ದೀರಿ. ಚಿಕ್ಕದಾಗಿ ಹೇಳುತ್ತೇನೆ ಅನ್ನೋದು ಒಂದೇ ಭರವಸೆ. ಅಪೊಸ್ತಲರ ಕೃತ್ಯಗಳ ಅದೇ 20ನೇ ಅಧ್ಯಾಯದಲ್ಲಿ, ಮಿಲೇತಕ್ಕೆ ಬರುವ ಮೊದಲು, ಪೌಲ ಮರುದಿನ ಹೊರಡಬೇಕು ಅಂತ ತ್ರೋವದಲ್ಲಿ ನಡುರಾತ್ರಿವರೆಗೂ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಅನ್ನುವ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ. ಪುಣ್ಯಕ್ಕೆ ಬದುಕಿದ. ಪೌಲನ ಪ್ರಸಂಗಕ್ಕೇ ಹೀಗಾದರೆ ನಮ್ಮದು ಇಪ್ಪತ್ತು ನಿಮಿಷ ಸಾಕು. ಹಳೆಯ ಲೆಕ್ಕ ಚುಕ್ತಾ ಮಾಡುವ ಪ್ರಸಂಗವೂ ಅದಲ್ಲ. ಹೊರಡುವವನಿಗೆ ಕೊನೆಯ ದಿನ ಮೈಕ್ ಸಿಕ್ಕರೆ ಆ ಆಸೆ ಬರುತ್ತದೆ, ಉತ್ತರ ಕೊಡೋಕೆ ಯಾರೂ ಏಳೋದಿಲ್ಲವಲ್ಲ. ನನಗೆ ನೋವು ಮಾಡಿದವರ ಹತ್ತಿರ, ನಾನು ನೋವು ಮಾಡಿದವರ ಹತ್ತಿರ, ಒಬ್ಬೊಬ್ಬರಾಗಿ ಹೋಗಿ ಮಾತಾಡುತ್ತಿದ್ದೇನೆ. ಅದು ಮೈಕಿನಲ್ಲಿ ಆಗುವ ಕೆಲಸವಲ್ಲ. ಬೀಳ್ಕೊಡುಗೆ ಸಮಾರಂಭದಲ್ಲಿ ಹೊಗಳುವವರು ಸ್ವಲ್ಪ ಕೈ ಹಿಡಿದು ಹೊಗಳಿ. ನನ್ನ ಹೆಂಡತಿ ಪಕ್ಕದಲ್ಲೇ ಕೂತಿರುತ್ತಾಳೆ, ಅವಳಿಗೆ ಕೆಮ್ಮು ಬರುತ್ತದೆ.

ಮದುವೆ ಗೊತ್ತಾಗಿರುವ ಹುಡುಗಿಗೆ ಒಂದು ಮಾತು. ನಾನು ಬರುತ್ತೇನಮ್ಮ. ಕಾರ್ಡ್ ಕಳಿಸು. ಹಿಂದಿನ ಸಾಲಲ್ಲಿ ಕೂರುತ್ತೇನೆ, ಹಾಡುಗಳನ್ನು ಜೋರಾಗಿ ಹಾಡುತ್ತೇನೆ, ನಿನ್ನ ಅಪ್ಪನ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇನೆ. ಪ್ರಮಾಣ ಮಾತ್ರ ಹೊಸ ಪಾಸ್ಟರ್ ಮುಂದೆ ಮಾಡು. ಮದುವೆಯಾದ ಮೂರನೇ ವರ್ಷ ನಿಮ್ಮಿಬ್ಬರಿಗೂ ಜಗಳ ಬಂದು ಯಾರಾದರೂ ಕೂರಿಸಿಕೊಂಡು ಮಾತಾಡಬೇಕಾದಾಗ ಹತ್ತಿರ ಇರೋದು ಅವರು. ಆಗ ಅವರು ಅಪರಿಚಿತರಾಗಿರಬಾರದು. ಹಾಂ, ಬಾಗಿಲ ಹತ್ತಿರ ನಾನು ಇದನ್ನೂ ಸೇರಿಸಿ ಹೇಳಿದ್ದರೆ ಚೆನ್ನಾಗಿತ್ತೇನೋ, ಆದರೆ ಸಾಲು ಉದ್ದವಿತ್ತು.

ವಾಟ್ಸಾಪ್ ಗ್ರೂಪುಗಳಿಂದ ಕೊನೆಯ ಭಾನುವಾರ ರಾತ್ರಿ ಹೊರಗೆ ಬರುತ್ತೇನೆ, ಯಾರೂ ಮತ್ತೆ ಸೇರಿಸಬೇಡಿ. ಮೊದಲ ಒಂದು ವರ್ಷ ಭಾನುವಾರಕ್ಕೆ ಇಲ್ಲಿಗೆ ಬರೋದಿಲ್ಲ, ಬೇರೆ ಸಭೆಯಲ್ಲಿ ಹಿಂದಿನ ಬೆಂಚು ಹುಡುಕಿಕೊಳ್ಳುತ್ತೇವೆ. ಆಮೇಲೆ ಹೊಸ ಪಾಸ್ಟರ್ ಕರೆದರೆ ನೋಡೋಣ. ಅವರು ಕರೆಯಬೇಕು, ನೀವಲ್ಲ. ಅವರನ್ನು ಕರೆಯುವಂತೆ ಮಾಡೋಕೆ ಕಮಿಟಿಯಲ್ಲಿ ಯಾರೂ ಕೂತು ಪ್ಲಾನ್ ಮಾಡಬೇಡಿ, ನನಗೆ ನೀವೆಲ್ಲರೂ ಚೆನ್ನಾಗಿ ಗೊತ್ತು.

ದಾರಿಯಲ್ಲಿ ಸಿಕ್ಕರೆ ಮಾತಾಡುತ್ತೀರಾ ಅಂತ ಒಬ್ಬರು ಕೇಳಿದರು. ಇದೆಂಥ ಪ್ರಶ್ನೆ? ನಿಲ್ಲಿಸಿ ಮಾತಾಡುತ್ತೇನೆ. ಮಕ್ಕಳ ಬಗ್ಗೆ, ಮೊಣಕಾಲು ನೋವಿನ ಬಗ್ಗೆ, ಮಳೆ ಬಗ್ಗೆ ಎಷ್ಟು ಬೇಕಾದರೂ. ಹೊಸ ಪಾಸ್ಟರ್ ಪ್ರಸಂಗ ಹೇಗಿದೆ ಅಂತ ನಾನು ಕೇಳೋದಿಲ್ಲ, ನೀವೂ ಹೇಳಬೇಡಿ. ಚೆನ್ನಾಗಿಲ್ಲ ಅಂದರೆ ನಾನು ಕೇಳಿಸಿಕೊಳ್ಳಬಾರದು. ತುಂಬ ಚೆನ್ನಾಗಿದೆ ಅಂದರೆ, ಅದನ್ನು ಕೇಳಿಸಿಕೊಳ್ಳೋಕೆ ನನಗೆ ಇನ್ನೂ ಸ್ವಲ್ಪ ಕಾಲ ಬೇಕು.